ಹುಲ್ಲಿನೊಳಗಿನ ಶಿಲೀಂಧ್ರ: ಪಿಸಿಆರ್‌ನಲ್ಲಿ ಜೀನ್ ಇದೆ, ಆಲ್ಕಲಾಯ್ಡ್ ಇಲ್ಲ. ಎಲ್ಲಿ ತಪ್ಪುತ್ತಿದೆ?

ಗರಿಕೆಬೇರು:
ಟಾಲ್ ಫೆಸ್ಕ್ಯೂ ಹುಲ್ಲಿನ ಗಿಡಗಳು. ಎಲ್ಲದರೊಳಗೂ ಎಪಿಕ್ಲೋಯಿ ಎಂಡೋಫೈಟ್ (ಗಿಡದೊಳಗೇ ಬದುಕುವ ಶಿಲೀಂಧ್ರ) ಇದೆ, ಪಿಸಿಆರ್‌ನಲ್ಲಿ (ಡಿಎನ್‌ಎಯ ಒಂದು ತುಂಡನ್ನು ಪ್ರತಿ ಮಾಡಿ ಹೆಚ್ಚಿಸುವ ಪರೀಕ್ಷೆ) ಶಿಲೀಂಧ್ರದ ಟ್ಯುಬ್ಯುಲಿನ್ ಜೀನಿನ ಬ್ಯಾಂಡ್ ಚೆನ್ನಾಗಿ ಬರುತ್ತಿದೆ. ಎರ್ಗಾಟ್ ಆಲ್ಕಲಾಯ್ಡ್ (ಶಿಲೀಂಧ್ರ ಮಾಡುವ ನೈಟ್ರೋಜನ್ ಇರುವ ರಾಸಾಯನಿಕ) ತಯಾರಾಗುವ ದಾರಿಯ ಮೊದಲ ಜೀನ್ ಡಿಮಾ-ಡಬ್ಲ್ಯು ಎಲ್ಲದರಲ್ಲೂ ಪಾಸಿಟಿವ್. ಆದರೆ ಕೆಲವು ಗಿಡಗಳಲ್ಲಿ ಆ ದಾರಿಯ ಎರ್ಗೊವಲೀನ್ ಸೊನ್ನೆ, ಇನ್ನೊಂದು ಬಗೆಯ ಆಲ್ಕಲಾಯ್ಡ್ ಲೋಲೀನ್ ಮಾತ್ರ ಧಾರಾಳ. ಮೂರನೇ ಬಗೆಯಾದ ಪೆರಮೀನ್ ಮಾಡುವ ಪರ್-ಎ ಜೀನೂ ಎಲ್ಲದರಲ್ಲಿ ಬ್ಯಾಂಡ್ ಕೊಡುತ್ತದೆ, ಪೆರಮೀನ್ ಅರ್ಧದಷ್ಟರಲ್ಲೇ ಸಿಗುತ್ತಿದೆ.

ತಪ್ಪು ಪಿಸಿಆರ್‌ನದೋ, ರಾಸಾಯನಿಕ ಪರೀಕ್ಷೆಯದೋ, ಜೀನಿನದೋ? ಯಾವುದನ್ನು ಮೊದಲು ನೋಡಬೇಕು? ಜೀನ್ ಹೆಸರುಗಳನ್ನು ಬಾಯಲ್ಲಿ ಹೇಳುವ ಹಾಗೇ ಬರೆದಿದ್ದೇನೆ, ಎಲ್ಲರೂ ಹಾಗೇ ಬರೆದರೆ ಓದಲು ಸುಲಭ.

ಬೂಷ್ಟು:
ಒಂದು ಬ್ಯಾಂಡ್ ನೋಡಿ ಒಂದು ರಾಸಾಯನಿಕವನ್ನು ಊಹಿಸುವುದೇ ಇಲ್ಲಿನ ಮೊದಲ ಎಡವಟ್ಟು. ಡಿಮಾ-ಡಬ್ಲ್ಯು ಇದೆ ಅಂದರೆ ದಾರಿಯ ಬಾಗಿಲು ಇದೆ ಅಂತಷ್ಟೇ. ಎರ್ಗೊವಲೀನ್ ಇರುವುದು ಆ ದಾರಿಯ ತುದಿಯಲ್ಲಿ.

ಕ್ರಮ ಹೀಗಿದೆ. ಡಿಮಾ-ಡಬ್ಲ್ಯು ಕಿಣ್ವ ಟ್ರಿಪ್ಟೊಫಾನ್‌ನ ನಾಲ್ಕನೇ ಜಾಗಕ್ಕೆ ಐದು ಇಂಗಾಲದ ಡೈಮೀಥೈಲ್‌ಅಲೈಲ್ ತುಂಡನ್ನು ಜೋಡಿಸುತ್ತದೆ. ಈಸ್-ಎಫ್ ಅದರ ನೈಟ್ರೋಜನ್‌ಗೆ ಮೀಥೈಲ್ ಹಾಕುತ್ತದೆ. ಈಸ್-ಸಿ, ಈಸ್-ಇ ಎರಡೂ ಸೇರಿದರೆ ಮೂರನೇ ಉಂಗುರ ಮುಚ್ಚಿ ಚಾನೊಕ್ಲಾವೀನ್-1 ಆಗುತ್ತದೆ. ಈಸ್-ಡಿ ಅದನ್ನು ಆಲ್ಡಿಹೈಡ್ ಮಾಡುತ್ತದೆ. ಈಸ್-ಎ ಮತ್ತು ಈಸ್-ಜಿ ನಾಲ್ಕನೇ ಉಂಗುರ ಮುಚ್ಚಿ ಅಗ್ರೊಕ್ಲಾವೀನ್ ಕೊಡುತ್ತವೆ. ಕ್ಲೋ-ಎ ಎಂಬ ಪಿ450 ಕಿಣ್ವ ಅದನ್ನು ಆಕ್ಸಿಡೀಕರಿಸಿ ಲೈಸರ್ಜಿಕ್ ಆಮ್ಲದ ಹಂತಕ್ಕೆ ಒಯ್ಯುತ್ತದೆ. ಎಲ್‌ಪಿಎಸ್-ಬಿ ಆ ಆಮ್ಲವನ್ನು ಹಿಡಿದು ಎಲ್‌ಪಿಎಸ್-ಎಗೆ ದಾಟಿಸುತ್ತದೆ. ಎಲ್‌ಪಿಎಸ್-ಎ ಮೂರು ಅಮೈನೊ ಆಮ್ಲಗಳನ್ನು ಸಾಲಾಗಿ ಪೋಣಿಸುತ್ತದೆ: ಅಲನೀನ್, ವ್ಯಾಲೀನ್, ಪ್ರೋಲೀನ್ ಆದರೆ ಎರ್ಗೊವಲೀನ್, ವ್ಯಾಲೀನ್ ಜಾಗದಲ್ಲಿ ಫಿನೈಲ್‌ಅಲನೀನ್ ಕೂತರೆ ಎರ್ಗೊಟಮೀನ್. ಕೊನೆಯಲ್ಲಿ ಈಸ್-ಎಚ್ ಬಂದು ಕೊನೆಯ ಉಂಗುರವನ್ನು ಕಟ್ಟುತ್ತದೆ.

ಇಷ್ಟರಲ್ಲಿ ಯಾವ ಕೊಂಡಿ ಕಳಚಿದರೂ ಎರ್ಗೊವಲೀನ್ ಸೊನ್ನೆ, ಡಿಮಾ-ಡಬ್ಲ್ಯು ಮಾತ್ರ ಪಾಸಿಟಿವ್. ಕನಿಷ್ಠ ಐದು ಜಾಗ ನೋಡಿ: ಡಿಮಾ-ಡಬ್ಲ್ಯು, ಈಸ್-ಸಿ, ಈಸ್-ಎ, ಕ್ಲೋ-ಎ, ಎಲ್‌ಪಿಎಸ್-ಎ. ಕೊಂಡಿ ಎಲ್ಲಿ ಕಳಚಿದೆಯೋ ಅದರ ಹಿಂದಿನ ಪದಾರ್ಥವನ್ನು, ರಾಸಾಯನಿಕಗಳನ್ನು ಬೇರ್ಪಡಿಸಿ ತೂಕದಿಂದ ಗುರುತಿಸುವ ಎಲ್‌ಸಿ-ಎಂಎಸ್‌ನಲ್ಲಿ ಹುಡುಕಿ. ಚಾನೊಕ್ಲಾವೀನ್ ಇದ್ದು ಮುಂದಿನದು ಏನೂ ಇಲ್ಲದಿದ್ದರೆ ಈಸ್-ಡಿ, ಈಸ್-ಎ, ಈಸ್-ಜಿ ಕಡೆ ಕಣ್ಣು ಹಾಯಿಸಿ. ಚಾನೊಕ್ಲಾವೀನ್ ಕೂಡ ಇಲ್ಲದಿದ್ದರೆ ಮೊದಲ ನಾಲ್ಕು ಜೀನ್‌ಗಳಲ್ಲೇ ಏನೋ ಒಡೆದಿದೆ, ಇಲ್ಲವೇ ಇಡೀ ಗುಚ್ಛವೇ (ಅಕ್ಕಪಕ್ಕ ಕೂತಿರುವ ಆ ದಾರಿಯ ಜೀನ್‌ಗಳ ಗುಂಪು) ಮಲಗಿದೆ.

ಕೊಂಡಿ ಕಳಚಿದ್ದಕ್ಕೆ ಪಠ್ಯಪುಸ್ತಕದಂಥ ಉದಾಹರಣೆ ಸಜ್ಜೆಯ ಎರ್ಗಾಟ್ ಶಿಲೀಂಧ್ರ ಕ್ಲಾವಿಸೆಪ್ಸ್ ಫ್ಯೂಸಿಫಾರ್ಮಿಸ್. ಡಿಮಾ-ಡಬ್ಲ್ಯು ಜೀನನ್ನು 1995ರಲ್ಲಿ ಮೊದಲು ಬೇರ್ಪಡಿಸಿದ್ದು ಇದರಿಂದಲೇ. ಆದರೂ ಇದು ಅಗ್ರೊಕ್ಲಾವೀನ್, ಎಲಿಮೊಕ್ಲಾವೀನ್ ಹಂತದಲ್ಲೇ ನಿಲ್ಲುತ್ತದೆ. ಕ್ಲೋ-ಎ ಕೆಲಸ ಮಾಡುವುದಿಲ್ಲ, ಎಲ್‌ಪಿಎಸ್-ಬಿ ಕೂಡ ಹಾಳಾಗಿದೆ. ಜೀನ್‌ಗಳ ಕಳೇಬರ ಮಾತ್ರ ಗುಚ್ಛದಲ್ಲಿ ಉಳಿದಿದೆ. ಅದರ ಒಳಗಿನ ಸಣ್ಣ ತುಂಡಿಗೆ ಪ್ರೈಮರ್ (ಪಿಸಿಆರ್ ಎಲ್ಲಿಂದ ಶುರುವಾಗಬೇಕೆಂದು ತೋರಿಸುವ ಚಿಕ್ಕ ಡಿಎನ್‌ಎ) ಹಾಕಿದರೆ ಬ್ಯಾಂಡ್ ಬಂದೇ ಬರುತ್ತದೆ.

ನೂಲೆಳೆ:
ಪೆರಮೀನ್ ಕಥೆ ಇದಕ್ಕಿಂತ ಸರಳ, ಹಾಗಾಗಿಯೇ ಹೆಚ್ಚು ಜನ ಬೀಳುವ ಗುಂಡಿ.

ಪೆರಮೀನ್‌ಗೆ ಒಂದೇ ದೊಡ್ಡ ಜೀನ್, ಪರ್-ಎ. 2005ರಲ್ಲಿ ಗುರುತಿಸಿದ್ದು. ಎರಡು ಮಾಡ್ಯೂಲ್‌ಗಳ ನಾನ್-ರೈಬೊಸೋಮಲ್ ಪೆಪ್ಟೈಡ್ ಸಿಂಥೆಟೇಸ್, ಅಂದರೆ ರೈಬೊಸೋಮ್ ಇಲ್ಲದೆ ಅಮೈನೊ ಆಮ್ಲಗಳನ್ನು ಪೋಣಿಸುವ ದೊಡ್ಡ ಕಿಣ್ವ. ಡೊಮೈನ್‌ಗಳ (ಕಿಣ್ವದ ಬೇರೆ ಬೇರೆ ಕೆಲಸದ ಭಾಗಗಳ) ಸಾಲು: ಎ, ಟಿ, ಸಿ, ಎ, ಎಂ, ಟಿ, ಆರ್. ಕೊನೆಯ ಆರ್, ಅಂದರೆ ರಿಡಕ್ಟೇಸ್ ಡೊಮೈನ್, ಕಟ್ಟಿದ ಡೈಪೆಪ್ಟೈಡನ್ನು ಕಿಣ್ವದಿಂದ ಬಿಡಿಸಿ ಉಂಗುರವಾಗಿಸುತ್ತದೆ. ಎಪಿಕ್ಲೋಯಿಯ ಬಹಳಷ್ಟು ತಳಿಗಳಲ್ಲಿ ಈ ಆರ್ ಡೊಮೈನ್ ಅಳಿಸಿಹೋಗಿದೆ. ಉಳಿದದ್ದೆಲ್ಲ ಸರಿಯಾಗಿದೆ, ಪ್ರೋಟೀನ್ ಕೂಡ ಆಗುತ್ತದೆ, ಆದರೆ ಪೆರಮೀನ್ ಬರುವುದಿಲ್ಲ. ಅಂಥ ಪ್ರತಿಯನ್ನು ಸತ್ತ ಜೀನ್ ಎಂದು ಬಹಳ ವರ್ಷ ತಿಳಿದಿದ್ದರು. ಅದು ಬೇರೆಯೇ ಡೈಕೀಟೊಪಿಪೆರಝೀನ್‌ಗಳನ್ನು ಮಾಡುತ್ತದೆ ಎಂದು 2019ರಲ್ಲಿ ಗೊತ್ತಾಯಿತು.

ನಿಮ್ಮ ಪ್ರೈಮರ್ ಜೋಡಿ ಯಾವ ಡೊಮೈನ್‌ನಲ್ಲಿ ಕೂರುತ್ತದೆ? ಎ ಅಥವಾ ಟಿ ಡೊಮೈನ್ ಆದರೆ ಅರ್ಧ ಗಿಡಗಳಲ್ಲಿ ಪೆರಮೀನ್ ಸಿಗದಿರುವುದಕ್ಕೆ ಬೇರೆ ಕಾರಣ ಹುಡುಕುವುದು ಬೇಡ. ಆರ್ ಡೊಮೈನ್ ಒಳಗೆ ಒಂದು ಜೋಡಿ, ಜತೆಗೆ ಅಳಿಸಿದ ಜಾಗವನ್ನು ದಾಟುವ ಇನ್ನೊಂದು ಜೋಡಿ ಇಟ್ಟುಕೊಳ್ಳಿ. ಎರಡನೆಯದು ಮುಖ್ಯ. ಮೊದಲನೆಯದು ನೆಗೆಟಿವ್ ಬಂದಾಗ ಪಿಸಿಆರ್ ಸೋತಿತೋ, ಡೊಮೈನ್ ಇಲ್ಲವೋ ಎಂದು ತಿಳಿಯುವುದಿಲ್ಲ. ದಾಟುವ ಜೋಡಿ ಚಿಕ್ಕ ಬ್ಯಾಂಡ್ ಕೊಟ್ಟರೆ ಅನುಮಾನ ಮುಗಿಯಿತು.

ಗರಿಕೆಬೇರು:
ಪ್ರೈಮರ್ ಎ ಡೊಮೈನ್‌ನದೇ. ಪರ್-ಎ ಅರ್ಥವಾಯಿತು. ಎರ್ಗೊವಲೀನ್ ಸೊನ್ನೆ ಬಂದ ಗಿಡಗಳಲ್ಲಿ ಎಲ್‌ಪಿಎಸ್-ಎ ಬ್ಯಾಂಡ್ ಮಸುಕು, ಒಮ್ಮೆ ಬರುತ್ತದೆ, ಒಮ್ಮೆ ಇಲ್ಲ. ಡಿಎನ್‌ಎ ತೆಗೆದಿದ್ದು ಎಲೆಯಿಂದ, ಕೆಲವಕ್ಕೆ ನೇರವಾಗಿ ಬೀಜದಿಂದ.

ಪಿಪೆಟ್‌ಮೂಲೆ:
ಅಲ್ಲೇ ಎರಡು ತೊಂದರೆ ಸಿಕ್ಕಿಬಿದ್ದವು.

ಎಲೆಯ ಅಲಗಿನಲ್ಲಿ ಈ ಶಿಲೀಂಧ್ರ ತೀರ ಕಡಿಮೆ. ಎಳೆಗಳು ಹೆಚ್ಚಾಗಿರುವುದು ತೆಂಡೆಯ (ಹುಲ್ಲಿನ ಬುಡದಿಂದ ಒಡೆಯುವ ಕವಲು) ಬುಡದಲ್ಲಿ, ಎಲೆ ಕಾಂಡವನ್ನು ಸುತ್ತಿಕೊಂಡಿರುವ ಒರೆಯಲ್ಲಿ. ಮಣ್ಣಿನ ಮಟ್ಟದಿಂದ ಮೇಲಕ್ಕೆ 2–3 ಸೆಂ.ಮೀ. ತುಂಡು ಕತ್ತರಿಸಿ, ಒಣಗಿದ ಹೊರ ಒರೆ ಸುಲಿದು, 50ರಿಂದ 100 ಮಿ.ಗ್ರಾಂ ತೆಗೆದುಕೊಳ್ಳಿ. ಅಲ್ಲೂ ಒಟ್ಟು ಡಿಎನ್‌ಎಯಲ್ಲಿ ಶಿಲೀಂಧ್ರದ ಪಾಲು ಅತ್ಯಲ್ಪ. ಟ್ಯುಬ್ಯುಲಿನ್‌ನಂಥ ಚಿಕ್ಕ ಗುರಿ ಬಂದಿತೆಂದು ಉದ್ದದ ಎಲ್‌ಪಿಎಸ್-ಎ ತುಂಡೂ ಬರುತ್ತದೆ ಎಂದುಕೊಳ್ಳಬೇಡಿ. ಗುರಿಗಳ ಉದ್ದ 300–600 ಬೇಸ್ ಒಳಗೆ ಇದ್ದರೆ ಹೋಲಿಕೆ ನ್ಯಾಯವಾಗಿರುತ್ತದೆ.

ಡಿಎನ್‌ಎ ತೆಗೆಯಲು ಸಿಟಿಎಬಿ ಎಂಬ ಮಾರ್ಜಕದ ವಿಧಾನ ಸಾಕು. ಬಫರ್: ಸಿಟಿಎಬಿ 2%, ಉಪ್ಪು 1.4 ಮೋಲಾರ್, ಇಡಿಟಿಎ 20 ಮಿಲಿಮೋಲಾರ್, ಟ್ರಿಸ್ 100 ಮಿಲಿಮೋಲಾರ್ ಪಿಎಚ್ 8, ಪಿವಿಪಿ 2%, ಬಳಸುವ ಮುನ್ನ ಬೀಟಾ-ಮರ್ಕಾಪ್ಟೊಎಥನಾಲ್ 0.2%. 65 ಡಿಗ್ರಿಯಲ್ಲಿ 30–60 ನಿಮಿಷ, ಕ್ಲೋರೋಫಾರ್ಮ್–ಐಸೊಅಮೈಲ್ 24:1, ಐಸೊಪ್ರೊಪನಾಲ್ ಮುಕ್ಕಾಲು ಪಾಲು, 70% ಎಥನಾಲ್‌ನಲ್ಲಿ ತೊಳೆ. ಹುಲ್ಲಿನ ಪಾಲಿಸ್ಯಾಕರೈಡ್ ಅಂಟಂಟಾಗಿ ಉಳಿದರೆ ಅದೇ ಪಿಸಿಆರ್ ಕಟ್ಟಿಹಾಕುತ್ತದೆ. ಒಮ್ಮೆ ಬಂದು ಒಮ್ಮೆ ಬಾರದ ಬ್ಯಾಂಡಿಗೆ ಸಾಮಾನ್ಯ ಕಾರಣ ಇದು. ಡಿಎನ್‌ಎಯನ್ನು 10 ಪಟ್ಟು ತೆಳು ಮಾಡಿ ಮತ್ತೆ ಹಾಕಿ. ತೆಳು ಮಾಡಿದ ಮೇಲೆ ಬ್ಯಾಂಡ್ ಗಟ್ಟಿಯಾದರೆ ಅಡ್ಡಿ ಇತ್ತು ಎಂದರ್ಥ. ಹೋಗಿಬಿಟ್ಟರೆ ಶಿಲೀಂಧ್ರದ ಡಿಎನ್‌ಎಯೇ ಕಡಿಮೆ. ಪ್ರತಿ ಮೈಕ್ರೋಲೀಟರ್‌ಗೆ 0.2 ಮೈಕ್ರೋಗ್ರಾಂ ಬಿಎಸ್‌ಎ ಸೇರಿಸಿದರೂ ಸಹಾಯವಾಗುತ್ತದೆ. 35 ಸೈಕಲ್ ದಾಟಬೇಡಿ, ಆಮೇಲೆ ನೀರಿನ ಕಂಟ್ರೋಲ್‌ನಲ್ಲೂ ಬ್ಯಾಂಡ್ ಕಾಣಿಸತೊಡಗುತ್ತದೆ.

ಬೀಜದ ಮಾತು. ಬೀಜದ ಪಿಸಿಆರ್ ಬದುಕಿರುವ ಎಂಡೋಫೈಟನ್ನೂ ಸತ್ತದ್ದನ್ನೂ ಬೇರ್ಪಡಿಸುವುದಿಲ್ಲ. ಬೆಚ್ಚಗೆ, ತೇವದಲ್ಲಿ ಇಟ್ಟ ಬೀಜದಲ್ಲಿ ಮೊಳಕೆ ಬರುವ ಶಕ್ತಿ ಹೋಗುವ ಮೊದಲೇ ಶಿಲೀಂಧ್ರ ಸಾಯುತ್ತದೆ, ಡಿಎನ್‌ಎ ಮಾತ್ರ ಹಾಗೇ ಇರುತ್ತದೆ. ಆ ಬೀಜದ ಗಿಡದಲ್ಲಿ ಯಾವ ಆಲ್ಕಲಾಯ್ಡೂ ಇರುವುದಿಲ್ಲ. ಬೀಜ ಬಿತ್ತಿ 6–8 ವಾರದ ಸಸಿಯ ತೆಂಡೆ ಬುಡದಿಂದಲೇ ಪರೀಕ್ಷೆ ಮಾಡಿ. ಸೂಕ್ಷ್ಮದರ್ಶಕ ಇದ್ದರೆ ಒರೆಯ ಒಳಪದರ ಸುಲಿದು ಅನಿಲೀನ್ ಬ್ಲೂ ಹಚ್ಚಿ ನೋಡಿ: ಕೋಶಗಳ ನಡುವೆ, ಉದ್ದಕ್ಕೆ, ಕವಲಿಲ್ಲದೆ ಸ್ವಲ್ಪ ಡೊಂಕಾಗಿ ಓಡುವ ನೀಲಿ ಎಳೆಗಳು. ಕೋಶಗಳ ಒಳಗೆ ನುಗ್ಗುವ, ಹೆಚ್ಚು ಕವಲೊಡೆದ ಎಳೆ ಕಂಡರೆ ಅದು ಬೇರೆ ಶಿಲೀಂಧ್ರ.

ಕಣಜ:
ಇಷ್ಟೆಲ್ಲ ಯಾಕೆ? ಎಂಡೋಫೈಟನ್ನು ಪಿಡಿಎ (ಆಲೂಗಡ್ಡೆ ಸಾರಿನ ಅಗರ್) ಪ್ಲೇಟಿನಲ್ಲಿ ಬೆಳೆಸಿ, ಆರ್‌ಎನ್‌ಎ ತೆಗೆದು, ಯಾವ ಜೀನ್ ಚಾಲೂ ಇದೆ ಎಂದು ನೋಡಿದರೆ ಮುಗಿಯಿತಲ್ಲ? ಗಿಡದ ಗಲೀಜು ಇರುವುದಿಲ್ಲ.

ನೂಲೆಳೆ:
ಅಲ್ಲ ಮಾರಾಯ್ರೆ, ಪ್ಲೇಟಿನಲ್ಲಿ ಎರ್ಗಾಟ್ ಗುಚ್ಛವೂ (ಲೋಲಿಟ್ರೆಮ್‌ನಂಥವನ್ನು ಮಾಡುವ) ಇಂಡೋಲ್-ಡೈಟರ್ಪೀನ್ ಗುಚ್ಛವೂ ಬಹುತೇಕ ಮೌನ. ಗಿಡದೊಳಗೆ ಎರ್ಗೊವಲೀನ್ ಸುರಿಸುವ ತಳಿಯೂ ಪ್ಲೇಟಿನಲ್ಲಿ ಏನೂ ಮಾಡದೆ ಕೂತಿರುತ್ತದೆ. ಪ್ಲೇಟಿನ ಆರ್‌ಎನ್‌ಎ ನೋಡಿ ಜೀನ್ ಸತ್ತಿದೆ ಎಂದು ಬರೆದರೆ ಅದು ತಪ್ಪು ತೀರ್ಮಾನ.

ಮೌನಕ್ಕೆ ಕಾರಣ ಕ್ರೊಮ್ಯಾಟಿನ್, ಅಂದರೆ ಹಿಸ್ಟೋನ್ ಎಂಬ ಪ್ರೋಟೀನ್‌ಗಳ ಮೇಲೆ ಡಿಎನ್‌ಎ ಸುತ್ತಿಕೊಂಡಿರುವ ರೀತಿ. ಎಪಿಕ್ಲೋಯಿ ಫೆಸ್ಟ್ಯೂಕೆಯಲ್ಲಿ 2014ರಲ್ಲಿ ಪ್ರಕಟವಾದ ಕೆಲಸ ಇದನ್ನು ಚೆನ್ನಾಗಿ ತೋರಿಸಿತು. ಹಿಸ್ಟೋನ್ ಎಚ್3ರ 9ನೇ ಲೈಸೀನ್‌ಗೆ ಮೂರು ಮೀಥೈಲ್ ಹಾಕುವ ಕಿಣ್ವದ ಜೀನ್ ಕ್ಲರ್-ಡಿ. 27ನೇ ಲೈಸೀನ್‌ಗೆ ಹಾಕುವುದು ಎಝ್-ಎಚ್-ಬಿ. ಪ್ಲೇಟಿನಲ್ಲಿ ಈ ಎರಡೂ ಗುರುತುಗಳು ಆಲ್ಕಲಾಯ್ಡ್ ಜೀನ್‌ಗಳ ಮೇಲೆ ದಟ್ಟ. ಗಿಡದೊಳಗೆ ಹೋದಾಗ ಇಳಿಯುತ್ತವೆ. ಆ ಕಿಣ್ವಗಳ ಜೀನ್ ತೆಗೆದರೆ ಪ್ಲೇಟಿನಲ್ಲೇ ಆಲ್ಕಲಾಯ್ಡ್ ಜೀನ್‌ಗಳು ಅಷ್ಟಿಷ್ಟು ಎಚ್ಚರಗೊಳ್ಳುತ್ತವೆ. ಬೀಗ ಹಾಕುವವನನ್ನು ಕಳಿಸಿದ ಮಾತ್ರಕ್ಕೆ ಬಾಗಿಲು ಪೂರ್ತಿ ತೆರೆಯುವುದಿಲ್ಲ. ಗಿಡದ ಸೂಚನೆಯೂ ಬೇಕು.

ಲೋಲೀನ್ ಇದಕ್ಕೆ ಹೊರತು. ಎಪಿಕ್ಲೋಯಿ ಅನ್‌ಸಿನೇಟಾ ಸರಳ ಮಿನಿಮಲ್ ಮಾಧ್ಯಮದಲ್ಲಿ, ಯೂರಿಯಾ ಅಥವಾ ಆಸ್ಪರಜೀನ್ ನೈಟ್ರೋಜನ್ ಮೂಲವಾಗಿದ್ದರೆ, ಗಿಡವಿಲ್ಲದೆಯೂ ಲೋಲೀನ್ ಮಾಡುತ್ತದೆ. ಅದಕ್ಕಾಗಿಯೇ ಲೋಲ್ ಜೀನ್‌ಗಳ ಕೆಲಸ ಬೇರೆಲ್ಲಕ್ಕಿಂತ ಬೇಗ ಬಿಡಿಸಲು ಆಯಿತು. ಸಮೃದ್ಧ ಮಾಧ್ಯಮದಲ್ಲಿ ಅದೂ ನಿಲ್ಲುತ್ತದೆ, ಪಿಡಿಎ ಅಂಥದ್ದೇ.

ಅಭಿವ್ಯಕ್ತಿ ನೋಡಲೇಬೇಕಾದರೆ ತೆಂಡೆ ಬುಡದ ಆರ್‌ಎನ್‌ಎ, ಇಂಟ್ರಾನ್ ದಾಟುವ ಪ್ರೈಮರ್, ಶಿಲೀಂಧ್ರದ ಟೆಫ್-ಎ ಅಥವಾ ಟ್ಯುಬ್ಯುಲಿನ್‌ಗೆ ಹೋಲಿಸಿದ ಪ್ರಮಾಣ. ಹುಲ್ಲಿನ ಹೌಸ್‌ಕೀಪಿಂಗ್ ಜೀನಿಗೆ ಹೋಲಿಸಿದರೆ ನೀವು ಅಳೆಯುವುದು ಗಿಡದಲ್ಲಿ ಎಷ್ಟು ಶಿಲೀಂಧ್ರ ಇದೆ ಎಂಬುದನ್ನೇ.

ಕಣಜ:
ಒಪ್ಪಿದೆ. ಹಾಗಾದರೆ ಪ್ಲೇಟಿನ ಕಲ್ಚರ್‌ನ ಉಪಯೋಗ ಡಿಎನ್‌ಎಗೆ ಮಾತ್ರ.

ಪಿಪೆಟ್‌ಮೂಲೆ:
ಅದಕ್ಕಂತೂ ಅತ್ಯುತ್ತಮ. ತೆಂಡೆ ಬುಡದ 5 ಮಿ.ಮೀ. ತುಂಡು, 70% ಎಥನಾಲ್‌ನಲ್ಲಿ 1 ನಿಮಿಷ, ಸೋಡಿಯಂ ಹೈಪೊಕ್ಲೋರೈಟ್ 1–2%ರಲ್ಲಿ ಕೆಲವು ನಿಮಿಷ, ಶುದ್ಧ ನೀರಲ್ಲಿ ಮೂರು ಸಲ ತೊಳೆ, ಆಂಟಿಬಯೋಟಿಕ್ ಇರುವ ಪಿಡಿಎ, 22–24 ಡಿಗ್ರಿ, ಕತ್ತಲು. ಮೊದಲ ವಾರದಲ್ಲಿ ಉಬ್ಬಿ ಬರುವುದೆಲ್ಲ ಕಳೆ, ಎಸೆಯಿರಿ. ಎಪಿಕ್ಲೋಯಿ ಸೋಮಾರಿ, 2ರಿಂದ 6 ವಾರಕ್ಕೆ ತುಂಡಿನ ತುದಿಯಿಂದ ಬಿಳಿ ಹತ್ತಿಯಂತೆ ಮೆಲ್ಲಗೆ ಹೊರಗೆ ಬರುತ್ತದೆ. ಬ್ಲೀಚ್ ಹೆಚ್ಚು ಹೊತ್ತಾದರೆ ಕಳೆಯ ಜತೆ ಅದೂ ಸಾಯುತ್ತದೆ.

ಸರಣಿ_ಓದುಗ:
ಜಿನೋಮ್ ಓದಿಸುವವರಿಗೆ ಎರಡು ಎಚ್ಚರಿಕೆ. ಇವು ಗೊತ್ತಿಲ್ಲದೆ ಇಡೀ ಗುಚ್ಛವನ್ನೇ ಇಲ್ಲ ಎಂದು ಬರೆದುಬಿಡುತ್ತಾರೆ.

ಎಪಿಕ್ಲೋಯಿಯ ಆಲ್ಕಲಾಯ್ಡ್ ಗುಚ್ಛಗಳ ಜೀನ್‌ಗಳ ನಡುವೆ ಅಡೆನೀನ್, ಥೈಮೀನ್ ತುಂಬಿದ ಉದ್ದುದ್ದ ಪುನರಾವರ್ತಿತ ಡಿಎನ್‌ಎ ಇದೆ, ಹೆಚ್ಚಿನದು ಹಾರುವ ಜೀನ್‌ಗಳ ಅವಶೇಷ. 2013ರಲ್ಲಿ ಈ ಕುಟುಂಬದ 15 ಜಿನೋಮ್‌ಗಳನ್ನು ಹೋಲಿಸಿದಾಗ ಇದೇ ಎದ್ದು ಕಂಡಿದ್ದು. ಕಿರು ಓದಿನ ಸೀಕ್ವೆನ್ಸಿಂಗ್ ಆ ಜಾಗದಲ್ಲಿ ಹರಿದುಹೋಗುತ್ತದೆ. ಎಲ್‌ಪಿಎಸ್-ಎ ಒಂದು ತುಂಡಿನಲ್ಲಿ, ಡಿಮಾ-ಡಬ್ಲ್ಯು ಇನ್ನೊಂದರಲ್ಲಿ, ನಡುವಿನ ಚಿಕ್ಕ ಜೀನ್ ಎಲ್ಲೂ ಇಲ್ಲ. ಉದ್ದ ಓದು ಬೇಕೇ ಬೇಕು. ಉದ್ದ ಓದಿನಲ್ಲಿ ಕಂಡ ಎಪಿಕ್ಲೋಯಿ ಫೆಸ್ಟ್ಯೂಕೆ ಎಫ್‌ಎಲ್1 ತಳಿಯ ಜಿನೋಮ್ 7 ವರ್ಣತಂತು, ಸುಮಾರು 3.5 ಕೋಟಿ ಬೇಸ್, ಜೀನ್ ತುಂಬಿದ ಪಟ್ಟಿ ಮತ್ತು ಜೀನಿಲ್ಲದ ಎ-ಟಿ ಪಟ್ಟಿ ಸಾಲಾಗಿ, ಅಡ್ಡಗೆರೆಯ ಬಟ್ಟೆಯ ಹಾಗೆ. ಗಿಡದೊಳಗೆ ಮಾತ್ರ ಚುರುಕಾಗುವ ಜೀನ್‌ಗಳು ಎ-ಟಿ ಪಟ್ಟಿಯ ಅಂಚಿನಲ್ಲಿ ಹೆಚ್ಚು.

ಎರಡನೆಯದು ಲೋಲ್ ಗುಚ್ಛ. ಸ್ವಯಂಚಾಲಿತ ಗುಚ್ಛ ಹುಡುಕುವ ತಂತ್ರಾಂಶಗಳು ನಾನ್-ರೈಬೊಸೋಮಲ್ ಸಿಂಥೆಟೇಸ್, ಪಾಲಿಕೀಟೈಡ್ ಸಿಂಥೇಸ್, ಪ್ರೀನೈಲ್ ಟ್ರಾನ್ಸ್‌ಫರೇಸ್‌ನಂಥ ಗುರುತಿನ ಜೀನ್ ಹಿಡಿದು ಹೊರಡುತ್ತವೆ. ಲೋಲೀನ್ ದಾರಿಯಲ್ಲಿ ಅಂಥದ್ದು ಒಂದೂ ಇಲ್ಲ. ಲೋಲ್-ಸಿ ಕಿಣ್ವ ಪ್ರೋಲೀನನ್ನೂ ಒ-ಅಸಿಟೈಲ್ ಹೋಮೊಸೆರಿನನ್ನೂ ಜೋಡಿಸುತ್ತದೆ. ಇದರ ಪೂರ್ವಜ ಎಲ್ಲ ಶಿಲೀಂಧ್ರಗಳಲ್ಲೂ ಇರುವ ಗಂಧಕದ ಅಮೈನೊ ಆಮ್ಲ ಮಾಡುವ ಕಿಣ್ವ. ಲೋಲ್-ಡಿ ಆರ್ನಿಥಿನ್ ಡಿಕಾರ್ಬಾಕ್ಸಿಲೇಸ್‌ನ ನೆಂಟ. ಹಾಗಾಗಿ ಬ್ಲಾಸ್ಟ್ (ಸರಣಿಗಳ ಹೋಲಿಕೆ ಹುಡುಕುವ ತಂತ್ರಾಂಶ) ಮಾಡಿದರೆ ಯಾವ ಶಿಲೀಂಧ್ರದಲ್ಲೂ ಲೋಲ್-ಸಿ ಸಿಕ್ಕಂತೆಯೇ ಕಾಣುತ್ತದೆ. ಹೋಲಿಕೆ ಆಕಸ್ಮಿಕವಲ್ಲ ಎನ್ನುವ ಇ-ಮೌಲ್ಯ ನೋಡಿ ಖುಷಿಪಡಬೇಡಿ. ಅಕ್ಕಪಕ್ಕ ಲೋಲ್-ಎಫ್, ಲೋಲ್-ಎ, ಲೋಲ್-ಒ, ಲೋಲ್-ಟಿ ಇವೆಯೇ ನೋಡಿ. ನೆರೆಹೊರೆ ಇಲ್ಲದ ಲೋಲ್-ಸಿ ಹೆಚ್ಚಿನ ಸಲ ಮೂಲ ಚಯಾಪಚಯದ ಜೀನ್.

ಬೂಷ್ಟು:
ಲೋಲೀನ್ ದಾರಿಯಲ್ಲೂ ಕೊಂಡಿ ಲೆಕ್ಕ ನಡೆಯುತ್ತದೆ, ನೀವು ಕೇಳಿದ್ದಕ್ಕೆ ಹತ್ತಿರ ಇರುವುದರಿಂದ ಸೇರಿಸುತ್ತೇನೆ. ಲೋಲ್-ಒ ಎರಡು ಇಂಗಾಲಗಳ ನಡುವೆ ಆಮ್ಲಜನಕದ ಸೇತುವೆ ಕಟ್ಟುತ್ತದೆ. ಅದು ಕೆಟ್ಟರೆ 1-ಅಸಿಟಮಿಡೊಪಿರೊಲಿಝಿಡೀನ್ ರಾಶಿ ಬೀಳುತ್ತದೆ, ಮುಂದೆ ಏನೂ ಇಲ್ಲ. ಲೋಲ್-ಒ ಸರಿ ಇದ್ದು ಲೋಲ್-ಎನ್, ಲೋಲ್-ಎಂ ಇಲ್ಲದಿದ್ದರೆ ಎನ್-ಅಸಿಟೈಲ್‌ನಾರ್‌ಲೋಲೀನ್‌ನಲ್ಲಿ ನಿಲ್ಲುತ್ತದೆ. ಲೋಲ್-ಎನ್ ಅಸಿಟೈಲ್ ಕಿತ್ತು, ಲೋಲ್-ಎಂ ಮೀಥೈಲ್ ಹಾಕಿದರೆ ಲೋಲೀನ್, ಎನ್-ಮೀಥೈಲ್‌ಲೋಲೀನ್. ಲೋಲ್-ಪಿ ಅದನ್ನು ಎನ್-ಫಾರ್ಮೈಲ್‌ಲೋಲೀನ್ ಮಾಡುತ್ತದೆ. ಎನ್-ಫಾರ್ಮೈಲ್ ಪೂರಾ ಗೈರಾಗಿ ಎನ್-ಮೀಥೈಲ್ ಇದ್ದರೆ ಲೋಲ್-ಪಿ ನೋಡಿ. ಒಟ್ಟು ಲೋಲೀನ್ ಒಂದೇ ಅಂಕಿಯಾಗಿ ವರದಿ ಕೊಡುವ ಪ್ರಯೋಗಾಲಯದಿಂದ ಈ ಸುಳಿವು ಯಾವುದೂ ಸಿಗುವುದಿಲ್ಲ. ಬಿಡಿ ಬಿಡಿ ಪೀಕ್ ಕೇಳಿ ಪಡೆಯಿರಿ.

ಗರಿಕೆಬೇರು:
ಡಿಮಾ-ಡಬ್ಲ್ಯು ಪಿಸಿಆರ್ ತುಂಡಿನ ಬೇಸ್ ಸಾಲನ್ನು ಸ್ಯಾಂಗರ್ ವಿಧಾನದಲ್ಲಿ ಓದಿಸಿದಾಗ ಅರ್ಧದಿಂದ ಮುಂದೆ ಎರಡೆರಡು ಪೀಕ್ ಮೇಲೆ ಬೀಳುತ್ತಿವೆ. ಕಲಬೆರಕೆಯೇ?

ಸರಣಿ_ಓದುಗ:
ಆಗಿರಬಹುದು, ಆದರೆ ಟಾಲ್ ಫೆಸ್ಕ್ಯೂನಲ್ಲಿ ಮೊದಲು ಬೇರೆಯದನ್ನು ಅನುಮಾನಿಸಿ. ಎಪಿಕ್ಲೋಯಿ ಸೀನೊಫಿಯಾಲಾ ಮಿಶ್ರತಳಿ. ಮೂರು ಪೂರ್ವಜ ಶಿಲೀಂಧ್ರಗಳ ಜಿನೋಮ್‌ಗಳು ಒಂದೇ ಎಳೆಯಲ್ಲಿ ಸೇರಿವೆ. ಅದಕ್ಕೆ ಲೈಂಗಿಕ ಹಂತ ಇಲ್ಲ, ಬೀಜದ ಮೂಲಕ ತಾಯಿಯಿಂದ ಮರಿಗೆ ಹೋಗುತ್ತದೆ, ಹಾಗಾಗಿ ಪ್ರತಿಗಳು ಬೆರೆತು ಶುದ್ಧವಾಗುವ ಅವಕಾಶವೇ ಇಲ್ಲ. ಡಿಮಾ-ಡಬ್ಲ್ಯು ಎರಡು ಪ್ರತಿ ಇರಬಹುದು, ಎರಡರಲ್ಲಿ ಒಂದು ಮಾತ್ರ ಕೆಲಸ ಮಾಡುತ್ತಿರಬಹುದು. ಅರ್ಧದಿಂದ ಎರಡು ಪೀಕ್ ಶುರುವಾದರೆ ಒಂದು ಪ್ರತಿಯಲ್ಲಿ ಅಲ್ಲೊಂದು ಬೇಸ್ ಹೆಚ್ಚೋ ಕಡಿಮೆಯೋ ಆಗಿದೆ ಎಂದೂ ಓದಬಹುದು, ಅಂದರೆ ಫ್ರೇಮ್ ಜಾರಿರಬಹುದು.

ತೀರ್ಮಾನಕ್ಕೆ ಟ್ಯುಬ್ಯುಲಿನ್ ಜೀನೂ ಸೀಕ್ವೆನ್ಸ್ ಮಾಡಿಸಿ, ಮೇಟಿಂಗ್ ಟೈಪ್ ಜೀನ್ ಎರಡೂ ಬಗೆಗೆ ಪಿಸಿಆರ್ ಹಾಕಿ. ಒಂದೇ ಎಳೆಯಿಂದ ಬೆಳೆದ ಶುದ್ಧ ಕಲ್ಚರ್‌ನಲ್ಲೂ ಟ್ಯುಬ್ಯುಲಿನ್‌ಗೆ ಎರಡು ಮೂರು ಪ್ರತಿ ಕಂಡರೆ ಅದು ಮಿಶ್ರತಳಿ. ಗಿಡದ ಡಿಎನ್‌ಎಯಲ್ಲಿ ಎರಡು, ಶುದ್ಧ ಕಲ್ಚರ್‌ನಲ್ಲಿ ಒಂದು ಎಂದರೆ ಗಿಡದಲ್ಲಿ ಎರಡು ಶಿಲೀಂಧ್ರ ಇವೆ ಅಥವಾ ಸ್ಯಾಂಪಲ್ ಬೆರೆತಿದೆ. ಪ್ರತಿಗಳನ್ನು ಬಿಡಿಸಲು ಪಿಸಿಆರ್ ತುಂಡನ್ನು ಪ್ಲಾಸ್ಮಿಡ್‌ಗೆ ಹಾಕಿ 8–10 ಕಾಲೊನಿ ಓದಿಸಿ. ಎರಡು ಸರಣಿಯ ಅರ್ಧರ್ಧ ಅಂಟಿದ ಮಿಶ್ರ ತುಂಡು ಸಿಕ್ಕರೆ ಹೆದರಬೇಡಿ, ಪಿಸಿಆರ್‌ನಲ್ಲೇ ಹುಟ್ಟುವ ಕೃತಕ ಅದು. ಸೈಕಲ್ ಕಡಿಮೆ ಮಾಡಿ, ವಿಸ್ತರಣೆಯ ಸಮಯ ಹೆಚ್ಚಿಸಿ.

ಮಜ್ಜಿಗೆಹುಲ್ಲು:
ಇದೇ ಸಂದರ್ಭದಲ್ಲಿ ಒಂದು ಪ್ರಶ್ನೆ. ಎರ್ಗೊವಲೀನ್ ಇಲ್ಲದ, ಲೋಲೀನ್ ಪೆರಮೀನ್ ಇರುವ ಎಂಡೋಫೈಟ್ ಬೇಕೆಂದರೆ ಡಿಮಾ-ಡಬ್ಲ್ಯು ಒಂದನ್ನು ಜೀನ್ ಕತ್ತರಿಸುವ ವಿಧಾನವಾದ ಕ್ರಿಸ್ಪರ್‌ನಿಂದ ಮುರಿದರೆ ಸಾಲದೇ?

ನೂಲೆಳೆ:
ಸಾಲುತ್ತದೆ, ಪ್ರತಿ ಒಂದೇ ಇದ್ದರೆ. ಮಿಶ್ರತಳಿಯಲ್ಲಿ ಕೆಲಸ ಮಾಡುವ ಪ್ರತಿಗಳೆಲ್ಲವನ್ನೂ ಮುರಿಯಬೇಕು. 2004ರಲ್ಲಿ ಎಪಿಕ್ಲೋಯಿಯ ಒಂದು ತಳಿಯಲ್ಲಿ ಡಿಮಾ-ಡಬ್ಲ್ಯು ತೆಗೆದಾಗ ಎರ್ಗಾಟ್ ಆಲ್ಕಲಾಯ್ಡ್ ಪೂರ್ತಿ ನಿಂತಿತು. ಅದಕ್ಕೂ ಮುಂಚೆ 2001ರಲ್ಲಿ ಎಲ್‌ಪಿಎಸ್-ಎ ತೆಗೆದಾಗ ಎರ್ಗೊವಲೀನ್ ಹೋಯಿತು, ದಾರಿಯ ಮುಂಚಿನ ಕ್ಲಾವೀನ್‌ಗಳು ಉಳಿದವು. ಯಾವ ಜೀನ್ ಮುರಿಯುತ್ತೀರಿ ಎಂಬುದರ ಮೇಲೆ ಗಿಡದಲ್ಲಿ ಏನು ಉಳಿಯುತ್ತದೆ ನಿಂತಿದೆ. ದನ ಕುರಿಗಳಿಗೆ ತೊಂದರೆ ಯಾವುದರಿಂದ ಎಂಬುದು ಬೇರೆ ಚರ್ಚೆ.

ಹಳೆಯ ವಿಧಾನದಲ್ಲಿ ಜೀನಿನ ಎರಡೂ ಕಡೆ 1–1.5 ಕಿಲೋಬೇಸ್ ಅಂಚು, ನಡುವೆ ಹೈಗ್ರೊಮೈಸಿನ್ ನಿರೋಧಕ ಜೀನ್, ಪ್ರೋಟೊಪ್ಲಾಸ್ಟ್, ಪಾಲಿಎಥಿಲೀನ್ ಗ್ಲೈಕಾಲ್ 40%, ಹೈಗ್ರೊಮೈಸಿನ್ 150 ಮೈಕ್ರೋಗ್ರಾಂ/ಮಿ.ಲೀ. ಸರಿಯಾದ ಜಾಗಕ್ಕೆ ಹೋಗಿ ಕೂರುವುದು ಅಪರೂಪ, ಬಹುತೇಕ ಎಲ್ಲಿ ಬೇಕೋ ಅಲ್ಲಿ ಸೇರಿಕೊಳ್ಳುತ್ತದೆ. ಕು70 ಅಥವಾ ಕು80 ಜೀನ್ ಇಲ್ಲದ ತಳಿಯಲ್ಲಿ ಪ್ರಮಾಣ ಏರುತ್ತದೆ. ಆದರೆ ಡಿಎನ್‌ಎ ರಿಪೇರಿ ಕುಂಠಿತವಾದ ತಳಿಯನ್ನು ಯಾರೂ ಹುಲ್ಲುಗಾವಲಿಗೆ ಬಿಡುವುದಿಲ್ಲ. ಎರಡೂ ತುದಿಯ ಜೋಡಣೆಗೆ ಪಿಸಿಆರ್, ಮೂಲ ಜೀನ್ ಇಲ್ಲ ಎಂಬುದಕ್ಕೆ ಪಿಸಿಆರ್, ಬೇರೆಡೆ ಪ್ರತಿ ಇಲ್ಲ ಎಂಬುದಕ್ಕೆ ಸದರ್ನ್ (ಡಿಎನ್‌ಎ ತುಂಡುಗಳಲ್ಲಿ ಒಂದು ಸರಣಿಯನ್ನು ಹುಡುಕುವ ಪರೀಕ್ಷೆ). ಮೂರರಲ್ಲಿ ಒಂದನ್ನು ಬಿಟ್ಟರೂ ಆಮೇಲೆ ನರಳುತ್ತೀರಿ. ಒಂದೇ ಎಳೆಯಲ್ಲಿ ಬದಲಾದ, ಬದಲಾಗದ ನ್ಯೂಕ್ಲಿಯಸ್ ಎರಡೂ ಇರಬಹುದು. ಮಸುಕಾದ ಮೂಲ ಬ್ಯಾಂಡ್ ಕಂಡರೆ ಅದನ್ನು ಗಮನಿಸದೆ ಬಿಡಬೇಡಿ. ಒಂಟಿ ಬೀಜಾಣು ಅಥವಾ ಒಂಟಿ ಪ್ರೋಟೊಪ್ಲಾಸ್ಟಿನಿಂದ ಮತ್ತೆ ಎರಡು ಮೂರು ಸುತ್ತು ಶುದ್ಧ ಮಾಡಿ.

ಗುಚ್ಛ ಕೂತಿರುವ ಜಾಗವನ್ನೇ ಬಳಸಿಕೊಂಡದ್ದು ಇನ್ನೂ ಚಂದದ ಉಪಾಯ. ಸೀನೊಫಿಯಾಲಾದ ಎರ್ಗಾಟ್ ಗುಚ್ಛ ವರ್ಣತಂತುವಿನ ತುದಿಯ ಪಕ್ಕದಲ್ಲಿದೆ. ಹೊಸ ಟೆಲೊಮಿಯರ್ (ವರ್ಣತಂತುವಿನ ತುದಿ) ಸರಣಿ ಹೊತ್ತ ತುಂಡನ್ನು ಗುಚ್ಛದ ಒಳಬದಿಗೆ ಸೇರಿಸಿದರೆ ಅಲ್ಲಿಂದಾಚೆಯ ವರ್ಣತಂತು ತುದಿ ಗುಚ್ಛ ಸಮೇತ ಉದುರುತ್ತದೆ, ಹೊಸ ತುದಿ ಅಲ್ಲೇ ಮುಚ್ಚಿಕೊಳ್ಳುತ್ತದೆ. 2016ರಲ್ಲಿ ಪ್ರಕಟವಾದದ್ದು. 2021ರಲ್ಲಿ ಅದೇ ಗುಂಪು ಕ್ರಿಸ್ಪರ್-ಕ್ಯಾಸ್9ರಿಂದ ಇಡೀ ಎರ್ಗಾಟ್ ಗುಚ್ಛವನ್ನು ತೆಗೆದು, ಕೊನೆಗೆ ಹೊರಗಿನ ಡಿಎನ್‌ಎ ಏನೂ ಉಳಿಯದಂತೆ ಮಾಡಿತು. ಒಂದು ಜೀನಿನಲ್ಲಿ ಬೇಸ್ ಒಂದೆರಡು ಅಳಿಸುವುದಕ್ಕಿಂತ ಗುಚ್ಛ ಪೂರ್ತಿ ಹೋಗುವುದು ಪರೀಕ್ಷಿಸಲೂ ಸುಲಭ, ಮತ್ತೆ ಹಿಂದಿರುಗುವ ಭಯವೂ ಇಲ್ಲ.

ಆದರೆ ಸ್ವಭಾವಸಹಜ ತಳಿಗಳಲ್ಲೇ ಇದನ್ನು ಹುಡುಕಿಕೊಳ್ಳಬಹುದು ಎಂಬುದು ಮರೆಯಬೇಡಿ. ಪೆರಮೀನ್ ಮಾತ್ರ ಮಾಡುವ ಎಆರ್1, ಎಪಾಕ್ಸಿ-ಜಾಂಥಿಟ್ರೆಮ್ ಮಾಡುವ ಎಆರ್37 ಎರಡೂ ಪೆರೆನಿಯಲ್ ರೈಗ್ರಾಸ್‌ನಲ್ಲಿ ಹಾಗೆ ಆರಿಸಿದವು, ಜೀನ್ ಬದಲಿಸಿದವಲ್ಲ.

ಪಿಪೆಟ್‌ಮೂಲೆ:
ಬದಲಿಸಿದ ಶಿಲೀಂಧ್ರವನ್ನು ಗಿಡಕ್ಕೆ ವಾಪಸು ಸೇರಿಸುವುದೇ ಅರ್ಧ ಜನ ಸೋಲುವ ಹಂತ. ಶುದ್ಧ ಮಾಡಿದ ಎಂಡೋಫೈಟ್ ಇಲ್ಲದ ಬೀಜವನ್ನು ನೀರಿನ ಅಗರ್ ಮೇಲೆ ಕತ್ತಲಲ್ಲಿ 5–7 ದಿನ ಮೊಳೆಸಿ. ಬಿಳಿಚಿದ ಮೊಳಕೆಯ ಬೆಳವಣಿಗೆ ಬಿಂದುವಿನ ಹತ್ತಿರ, ಸೂಜಿಯಿಂದ ಉದ್ದಕ್ಕೆ ಚಿಕ್ಕ ಸೀಳು ಹಾಕಿ, ಎಳೆಯ ಕಾಲೊನಿ ಅಂಚಿನಿಂದ ಚೂರು ಎಳೆ ತುರುಕಿ. ಸೀಳು ಮೇಲೆ ಬಿದ್ದರೆ ಶಿಲೀಂಧ್ರ ಎಲೆ ಸೇರುತ್ತದೆ, ಎಲೆ ಒಣಗುವಾಗ ಅದೂ ಹೋಗುತ್ತದೆ. ಆಳಕ್ಕೆ ಹೋದರೆ ಸಸಿಯೇ ಸಾಯುತ್ತದೆ. ಇನ್ನೊಂದು ವಾರ ಕತ್ತಲು, ಆಮೇಲೆ ಬೆಳಕು, ಮಣ್ಣು. 8–10 ವಾರಕ್ಕೆ ಹೊಸದಾಗಿ ಒಡೆದ ತೆಂಡೆಗಳನ್ನು ಬಿಡಿಬಿಡಿಯಾಗಿ ಪರೀಕ್ಷಿಸಿ. ಒಂದೇ ಗಿಡದ ಒಂದು ತೆಂಡೆಯಲ್ಲಿ ಇದ್ದು ಇನ್ನೊಂದರಲ್ಲಿ ಇಲ್ಲದಿರುವುದು ಮಾಮೂಲು.

ಬೂಷ್ಟು:
ಈಸ್-ಎ ಬಗ್ಗೆ ಮೊದಲೇ ಹೇಳಬೇಕಿದ್ದ ಮಾತು. ಆ ಜೀನ್ ಇದೆ ಎಂದರೆ ಸಾಲದು, ಯಾವ ಬಗೆ ಎಂಬುದೂ ಮುಖ್ಯ. ಎಪಿಕ್ಲೋಯಿಯ ಈಸ್-ಎ 176ನೇ ಜಾಗದಲ್ಲಿ ಫಿನೈಲ್‌ಅಲನೀನ್ ಇದೆ. ಅದು ಅಗ್ರೊಕ್ಲಾವೀನ್ ಕಡೆ ತಿರುಗಿಸುತ್ತದೆ. ಅಸ್ಪರ್ಜಿಲಸ್ ಫ್ಯೂಮಿಗೇಟಸ್‌ನಲ್ಲಿ ಅದಕ್ಕೆ ಸಮನಾದ 178ನೇ ಜಾಗದಲ್ಲಿ ಟೈರೊಸಿನ್. ಕಿಣ್ವ ದ್ವಿಬಂಧವನ್ನೇ ಇಳಿಸಿ ಫೆಸ್ಟುಕ್ಲಾವೀನ್ ಕಡೆ ಹೋಗುತ್ತದೆ, ಅಲ್ಲಿಂದ ಫ್ಯೂಮಿಗಾಕ್ಲಾವೀನ್. ಒಂದೇ ಅಮೈನೊ ಆಮ್ಲ ಬದಲಿಸಿ ಅಸ್ಪರ್ಜಿಲಸ್ ಕಿಣ್ವವನ್ನು ಇನ್ನೊಂದು ದಾರಿಗೆ ತಿರುಗಿಸಿ ತೋರಿಸಿದ್ದಾರೆ. ಆ ಶಿಲೀಂಧ್ರದಲ್ಲಿ ಗುಚ್ಛ ಎಚ್ಚರಗೊಳ್ಳುವ ಸಮಯವೂ ಬೇರೆ: ಗಿಡದ ಹಂಗಿಲ್ಲ, ಬೀಜಾಣು ಕಟ್ಟುವ ನಿಯಂತ್ರಕ ಬ್ರ್ಲ್-ಎ ಚಾಲೂ ಆದಾಗಲೇ ಚಾಲೂ. ಅದೇ ಹೆಸರಿನ ಜೀನ್ ಕಂಡಿತೆಂದು ಒಂದು ಶಿಲೀಂಧ್ರದ ನಿಯಮವನ್ನು ಇನ್ನೊಂದಕ್ಕೆ ಹೊರಿಸಬಾರದು.

ಗರಿಕೆಬೇರು:
ಎಲ್‌ಸಿ-ಎಂಎಸ್ ಕಡೆಯ ತಪ್ಪಿಗೆ ಏನು ನೋಡಲಿ? ಸ್ಯಾಂಪಲ್ 60 ಡಿಗ್ರಿ ಒಲೆಯಲ್ಲಿ ಒಣಗಿಸಿದ್ದು.

ಬೂಷ್ಟು:
ಅದೊಂದೇ ಸಾಕು ಸಂಖ್ಯೆಯನ್ನು ಇಳಿಸಲು. ಎರ್ಗೊವಲೀನ್ ಶಾಖಕ್ಕೂ ಬೆಳಕಿಗೂ ನಾಜೂಕು. ಕತ್ತರಿಸಿದ ಕೂಡಲೇ ಐಸ್, ಆಮೇಲೆ ಮೈನಸ್ 20, ಫ್ರೀಜ್-ಡ್ರೈ, ಕಂದು ಬಾಟಲಿ. ಇನ್ನೊಂದು: ದ್ರಾವಣದಲ್ಲಿ ಅದು ಎರ್ಗೊವಲಿನೀನ್ ಎಂಬ ಎಪಿಮರ್ (ಒಂದೇ ಜಾಗದಲ್ಲಿ ದಿಕ್ಕು ಬದಲಾದ ಅಣು) ಆಗಿ ತಿರುಗುತ್ತದೆ, ಎರಡು ಪೀಕ್. ಮೊದಲನೆಯದನ್ನೇ ಲೆಕ್ಕ ಹಿಡಿದರೆ ಹಳೆಯ ದ್ರಾವಣದಲ್ಲಿ ಅರ್ಧ ಕಾಣೆ. ಎರಡನ್ನೂ ಕೂಡಿಸಿ.

ಆದರೆ ಒಲೆ ಇರುವುದನ್ನು ಕಡಿಮೆ ಮಾಡುತ್ತದೆ, ಎಲ್ಲ ಗಿಡಗಳಲ್ಲೂ ಮಾಡುತ್ತದೆ. ಒಂದೇ ಒಲೆಯಿಂದ ಬಂದ ಕೆಲವು ಗಿಡಗಳಲ್ಲಿ ಚೆನ್ನಾಗಿದ್ದು ಇನ್ನು ಕೆಲವಲ್ಲಿ ಪೂರ್ತಿ ಸೊನ್ನೆ ಎಂದರೆ ಕಾರಣ ಜೀನೇ. ಯಾವ ಭಾಗ ತೆಗೆದಿರಿ ಎಂಬುದೂ ಇದೆ: ಎರ್ಗೊವಲೀನ್, ಲೋಲಿಟ್ರೆಮ್ ಬುಡದ ಒರೆಯಲ್ಲಿ ಹೆಚ್ಚು, ಪೆರಮೀನ್ ನೀರಲ್ಲಿ ಕರಗುವುದರಿಂದ ಅಲಗಿಗೂ ಹರಡುತ್ತದೆ. ಅಲಗು ಮಾತ್ರ ಪರೀಕ್ಷಿಸಿದರೆ ಪೆರಮೀನ್ ಸರಿ, ಎರ್ಗೊವಲೀನ್ ಮೋಸ.

ನೂಲೆಳೆ:
ಗರಿಕೆಬೇರು ಅವರೇ, ಸೊನ್ನೆ ಬಂದ ಗಿಡಗಳಿಗೆ ಇಷ್ಟು ಮಾಡಿ ಮತ್ತೆ ಇಲ್ಲಿ ಹಾಕಿ: ತೆಂಡೆ ಬುಡದ ಹೊಸ ಡಿಎನ್‌ಎ, 10 ಪಟ್ಟು ತೆಳು, ಐದೂ ಎರ್ಗಾಟ್ ಜೀನ್, ಪರ್-ಎ ಆರ್ ಡೊಮೈನ್. ಎಲ್‌ಪಿಎಸ್-ಎಗೆ ಒಂದು ಜೋಡಿ ಸಾಲದು, ಮೂರು ಮಾಡ್ಯೂಲ್‌ಗೂ ಒಂದೊಂದು. ಚಾನೊಕ್ಲಾವೀನ್ ಪೀಕ್ ಇದೆಯೇ ಎಂದು ಹಳೆಯ ಎಲ್‌ಸಿ-ಎಂಎಸ್ ಕಡತದಲ್ಲೇ ತೆಗೆದು ನೋಡಿ, ಹೊಸ ರನ್ ಬೇಡ. ಪ್ರೋಟಾನ್ ಸೇರಿದ ಅಯಾನ್ 257.

ಗರಿಕೆಬೇರು:
257 ಇದೆ. ಎರ್ಗೊವಲೀನ್ ಸೊನ್ನೆ ಇರುವ ಗಿಡಗಳಲ್ಲೇ ಹೆಚ್ಚು.

ಬೂಷ್ಟು:
ಹಾಗಾದರೆ ಡಿಮಾ-ಡಬ್ಲ್ಯು, ಈಸ್-ಎಫ್, ಈಸ್-ಸಿ, ಈಸ್-ಇ ನಾಲ್ಕೂ ಜೀವಂತ, ಗುಚ್ಛ ಮಲಗಿಯೂ ಇಲ್ಲ. ಮುಂದಿನ ಕ್ಲಾವೀನ್‌ಗಳು ಇಲ್ಲದಿದ್ದರೆ ಪಿಸಿಆರ್ ಅನ್ನು ಈಸ್-ಡಿ, ಈಸ್-ಎ, ಈಸ್-ಜಿಯಿಂದ ಶುರು ಮಾಡಿ. ಎಲ್‌ಪಿಎಸ್-ಎ ಆಮೇಲೆ ನೋಡಿದರಾಯಿತು.